ಹೊರಗೆ ಏನೇ ಬದಲಾದರೂ ದೇಹದ ಒಳಗು ಸ್ಥಿರವಾಗಿರುವುದು ಹೇಗೆ?

ಪ್ರಶ್ನೆ: ಬಿರುಬಿಸಿಲಿನಲ್ಲಿ ನಡೆದರೂ, ಚಳಿಯಲ್ಲಿ ನಡುಗಿದರೂ, ಹೊಟ್ಟೆ ತುಂಬ ಉಂಡರೂ, ದಿನವಿಡೀ ಉಪವಾಸವಿದ್ದರೂ ದೇಹದ ಉಷ್ಣತೆ, ರಕ್ತದ ಸಕ್ಕರೆ, ಉಪ್ಪಿನಂಶ ಇವೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತವೆ ಎಂದು ಓದಿದ್ದೇನೆ. ಈ ಮಟ್ಟವನ್ನು ಕಾಯುವವರು ಯಾರು? ಜ್ವರ ಬಂದರೆ ಈ ವ್ಯವಸ್ಥೆ ಕೆಟ್ಟಿದೆ ಎಂದು ಅರ್ಥವೇ? ರಕ್ತಪರೀಕ್ಷೆಯ ಅಂಕಿಗಳೆಲ್ಲ ಸರಿಯಾಗಿದ್ದರೆ ಒಳಗೆ ಎಲ್ಲವೂ ಸರಿಯಾಗಿದೆ ಎಂದುಕೊಳ್ಳಬಹುದೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದೇ ಹೆಚ್ಚು ತೂಕದ್ದು ಎಂದು ನನಗನ್ನಿಸುತ್ತದೆ. ಆದರೆ ಮೊದಲೆರಡನ್ನು ಬಿಡಿಸಿಕೊಳ್ಳದೆ ಅದಕ್ಕೆ ಉತ್ತರ ಕೊಡಲಾಗದು.

ಸುಮಾರು 70 ಕಿಲೋ ತೂಗುವ ವಯಸ್ಕ ಪುರುಷನ ದೇಹದಲ್ಲಿ ಹೆಚ್ಚುಕಡಿಮೆ 42 ಲೀಟರ್ ನೀರಿರುತ್ತದೆ. ಅದರಲ್ಲಿ 28 ಲೀಟರ್‌ನಷ್ಟು ಜೀವಕೋಶಗಳ ಒಳಗಿದ್ದರೆ, ಉಳಿದ 14 ಲೀಟರ್ ಕೋಶಗಳನ್ನು ಸುತ್ತುವರಿದ ದ್ರವದಲ್ಲಿಯೂ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿಯೂ ಇರುತ್ತದೆ. ನಮ್ಮ ಬಹುಪಾಲು ಕೋಶಗಳು ಹೊರಗಿನ ಗಾಳಿಯನ್ನಾಗಲಿ, ನಾವು ತಿಂದ ಆಹಾರವನ್ನಾಗಲಿ ನೇರವಾಗಿ ಮುಟ್ಟುವುದೇ ಇಲ್ಲ. ಅವು ಬದುಕುವುದು ಈ 14 ಲೀಟರ್ ದ್ರವದಲ್ಲಿ. ಪ್ರಾಣಿಗೆ ನಿಜವಾದ ಪರಿಸರವೆಂದರೆ ಅದರೊಳಗೇ ಇರುವ ಈ ದ್ರವ, ಅದು ಸ್ಥಿರವಾಗಿರುವುದರಿಂದಲೇ ಪ್ರಾಣಿಯು ಹೊರಗಿನ ಪರಿಸರದ ಹಂಗಿಲ್ಲದೆ ಓಡಾಡಬಲ್ಲದು ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ವಾದಿಸಿದ. ಇದಕ್ಕೆ ಹೋಮಿಯೋಸ್ಟೇಸಿಸ್ ಎಂಬ ಹೆಸರನ್ನು 1926ರಲ್ಲಿ ಕೊಟ್ಟವನು ಅಮೆರಿಕದ ವಾಲ್ಟರ್ ಕ್ಯಾನನ್. ಕನ್ನಡದಲ್ಲಿ ನಾವು ಸಮಸ್ಥಿತಿ ಎನ್ನುತ್ತೇವೆ.

ದೇಹವು ಎಲ್ಲವನ್ನೂ ಸ್ಥಿರವಾಗಿ ಇಡುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅದು ಬಿಗಿಯಾಗಿ ಕಾಯುವುದು ಕೆಲವೇ ಸಂಗತಿಗಳನ್ನು: ಒಡಲಾಳದ ಉಷ್ಣತೆ, ರಕ್ತದ ಆಮ್ಲೀಯತೆ, ಪ್ಲಾಸ್ಮಾದ ಸಾಂದ್ರತೆ, ಸಕ್ಕರೆ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಅಪಧಮನಿಗಳ ಒತ್ತಡ ಮುಂತಾದವನ್ನು. ಈ ಕೆಲವನ್ನು ಕಾಯುವುದಕ್ಕಾಗಿ ಉಳಿದ ಹಲವನ್ನು, ಅಂದರೆ ನಾಡಿಬಡಿತ, ಉಸಿರಿನ ವೇಗ, ಬೆವರು, ಮೂತ್ರದ ಪ್ರಮಾಣ, ಚರ್ಮದ ರಕ್ತಹರಿವು, ಹಾರ್ಮೋನುಗಳ ಮಟ್ಟ ಇವನ್ನೆಲ್ಲ, ಅದು ಧಾರಾಳವಾಗಿ ಏರಿಳಿಸುತ್ತದೆ. ಒಂದು ಅಂಕಿ ಅಲುಗಾಡದೆ ನಿಂತಿದ್ದರೆ ಅದರ ಹಿಂದೆ ಹತ್ತು ಅಂಕಿಗಳು ಓಲಾಡುತ್ತಿರುತ್ತವೆ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಗುವುದು ಇದರಲ್ಲಿಯೇ.

ಉಷ್ಣತೆಯಿಂದ ಆರಂಭಿಸೋಣ. 1774ರಲ್ಲಿ ಲಂಡನ್ನಿನ ವೈದ್ಯ ಚಾರ್ಲ್ಸ್ ಬ್ಲಾಗ್ಡೆನ್ ಕೆಲವು ಸಂಗಡಿಗರೊಂದಿಗೆ, ನೀರು ಕುದಿಯುವ ಮಟ್ಟವನ್ನೂ ಮೀರಿ ಕಾಯಿಸಿದ ಒಣಗಾಳಿಯ ಕೋಣೆಯೊಳಗೆ ಹೋಗಿ ಕೆಲವು ನಿಮಿಷ ಇದ್ದು ಹೊರಬಂದ. ಅದೇ ಕೋಣೆಯಲ್ಲಿಟ್ಟ ಮೊಟ್ಟೆಗಳು ಬೆಂದು ಗಟ್ಟಿಯಾದವು, ಮಾಂಸದ ತುಂಡು ಬೆಂದುಹೋಯಿತು. ಒಳಗಿದ್ದ ಮನುಷ್ಯರ ಮೈಬಿಸಿ ಮಾತ್ರ ಹೆಚ್ಚೇನೂ ಏರಲಿಲ್ಲ. ಮಾಂಸಕ್ಕೂ ಮನುಷ್ಯನಿಗೂ ಇದ್ದ ವ್ಯತ್ಯಾಸ ಮುಖ್ಯವಾಗಿ ರಕ್ತಸಂಚಾರ ಮತ್ತು ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಸುಮ್ಮನೆ ಕುಳಿತ ದೇಹವು ಏಳೆಂಟು ಗಂಟೆಗಳಲ್ಲಿ ಹುಟ್ಟಿಸುವ ಶಾಖ ಅಷ್ಟು. ಆದರೆ ಆವಿಯಾಗದೆ ತೊಟ್ಟಿಕ್ಕಿ ಹೋದ ಬೆವರಿನಿಂದ ನೀರೂ ಉಪ್ಪೂ ನಷ್ಟವಾಗುವುದೇ ಹೊರತು ತಂಪಾಗುವುದಿಲ್ಲ. ಬ್ಲಾಗ್ಡೆನ್‌ನ ಕೋಣೆಯ ಗಾಳಿ ತೇವದಿಂದ ತುಂಬಿದ್ದಿದ್ದರೆ ಕತೆ ಬೇರೆಯೇ ಆಗುತ್ತಿತ್ತು. ಉಷ್ಣಮಾಪಕದ ಅಂಕಿ ಒಂದೇ ಇದ್ದರೂ ಒಣ ಸೆಕೆಗಿಂತ ಒದ್ದೆ ಸೆಕೆ ಹೆಚ್ಚು ಅಪಾಯಕಾರಿಯಾಗಿರುವುದು ಇದೇ ಕಾರಣಕ್ಕೆ.

ಇದನ್ನೆಲ್ಲ ಹೊಂದಿಸುವುದು ಮಿದುಳಿನ ತಳಭಾಗದಲ್ಲಿರುವ ಹೈಪೋಥಲಾಮಸ್. ಅಲ್ಲಿನ ಕೆಲವು ನರಕೋಶಗಳು ತಮ್ಮ ಮೂಲಕ ಹರಿಯುವ ರಕ್ತದ ಬಿಸಿಯನ್ನು ತಾವೇ ಗ್ರಹಿಸುತ್ತವೆ. ಜೊತೆಗೆ ಚರ್ಮದಿಂದಲೂ ಒಡಲಿನಿಂದಲೂ ನರಗಳ ಮೂಲಕ ವರದಿಗಳು ಬರುತ್ತಿರುತ್ತವೆ. ಬಿಸಿ ಹೆಚ್ಚಿದರೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ತೀವ್ರ ಸೆಕೆಯಲ್ಲಿ ನಿಮಿಷಕ್ಕೆ 6ರಿಂದ 8 ಲೀಟರ್‌ವರೆಗೂ ರಕ್ತ ಚರ್ಮಕ್ಕೆ ಹರಿಯಬಹುದು. ವಿಶ್ರಾಂತಿಯಲ್ಲಿ ಹೃದಯ ಇಡೀ ದೇಹಕ್ಕೆ ನಿಮಿಷಕ್ಕೆ ಪಂಪು ಮಾಡುವುದೇ 5 ಲೀಟರ್‌ನಷ್ಟು ಎಂಬುದನ್ನು ನೆನೆದರೆ ಇದರ ಅಗಾಧತೆ ತಿಳಿಯುತ್ತದೆ. ಚಳಿಯಾದರೆ ಇದೇ ನಾಳಗಳು ಮುದುಡಿ, ರಕ್ತ ಒಳಗೇ ಉಳಿಯುತ್ತದೆ, ಬೆರಳುಗಳು ತಣ್ಣಗಾಗುತ್ತವೆ. ಅದೂ ಸಾಲದಾದರೆ ಸ್ನಾಯುಗಳು ನಡುಗಿ ಶಾಖವನ್ನು ಹುಟ್ಟಿಸುತ್ತವೆ. ಬೆರಳು ತಣ್ಣಗಾದದ್ದು ಸೋಲಿನ ಲಕ್ಷಣವಲ್ಲ. ಹೃದಯ, ಮಿದುಳುಗಳ ಬಿಸಿಯನ್ನು ಉಳಿಸಲು ದೇಹ ಬೆರಳಿನ ಬಿಸಿಯನ್ನು ಬೇಕೆಂದೇ ಬಿಟ್ಟುಕೊಟ್ಟಿರುತ್ತದೆ.

ಈ ಏರ್ಪಾಡನ್ನು ಗೋಡೆಯ ಮೇಲಿನ ಥರ್ಮೋಸ್ಟಾಟ್‌ಗೆ ಹೋಲಿಸುವುದು ವಾಡಿಕೆ. ವಿದ್ಯಾರ್ಥಿಗಳಿಗೆ ಮೊದಲ ದಿನ ಹೇಳಲು ಆ ಹೋಲಿಕೆ ಸಾಕು. ಆದರೆ ಹೈಪೋಥಲಾಮಸ್‌ನಲ್ಲಿ 37 ಎಂದು ಬರೆದಿಟ್ಟ ಗುಂಡಿಯೇನೂ ಇಲ್ಲ. ಬೆವರಿಗೆ, ಚರ್ಮದ ನಾಳಗಳಿಗೆ, ನಡುಕಕ್ಕೆ ತಂತಮ್ಮದೇ ಆದ ಹೊಸ್ತಿಲುಗಳಿವೆ. ಒಡಲಿನ ಬಿಸಿ ತುಸುವೇ ಇಳಿದರೂ ನಾಳಗಳು ಮುದುಡುತ್ತವೆ, ನಡುಕ ಶುರುವಾಗಲು ಇನ್ನೂ ಸುಮಾರು ಒಂದು ಡಿಗ್ರಿ ಇಳಿಯಬೇಕಾಗುತ್ತದೆ. ಖರ್ಚು ಕಡಿಮೆಯ ಉಪಾಯ ಮೊದಲು, ದುಬಾರಿಯದು ಆಮೇಲೆ. ಈ ಹೊಸ್ತಿಲುಗಳ ನಡುವೆ ಶಾಖದ ಆದಾಯವೂ ವೆಚ್ಚವೂ ಸರಿಹೊಂದುವ ಜಾಗವನ್ನೇ ನಾವು ಸಹಜ ಉಷ್ಣತೆ ಎನ್ನುತ್ತೇವೆ. ಆ ಜಾಗವೂ ದಿನವಿಡೀ ಒಂದೇ ಕಡೆ ನಿಲ್ಲುವುದಿಲ್ಲ: ನಸುಕಿನಲ್ಲಿ ಅತ್ಯಂತ ಕೆಳಗಿದ್ದು, ಸಂಜೆಯ ಹೊತ್ತಿಗೆ ಅರ್ಧದಿಂದ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿರುತ್ತದೆ.

ಜ್ವರದ ಪ್ರಶ್ನೆಗೆ ಇಲ್ಲಿಂದ ಉತ್ತರ ಸುಲಭ. ಸೋಂಕು ತಗುಲಿದಾಗ ರೋಗನಿರೋಧಕ ಕೋಶಗಳು ಬಿಡುಗಡೆ ಮಾಡುವ ಇಂಟರ್‌ಲ್ಯೂಕಿನ್‌ನಂತಹ ರಾಸಾಯನಿಕಗಳು ಮಿದುಳಿನಲ್ಲಿ ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ವಸ್ತುವನ್ನು ಹೆಚ್ಚಿಸುತ್ತವೆ. ಅದು ಮೇಲೆ ಹೇಳಿದ ಹೊಸ್ತಿಲುಗಳನ್ನೆಲ್ಲ ಒಟ್ಟಿಗೆ ಮೇಲಕ್ಕೆ ಸರಿಸುತ್ತದೆ. ಗುರಿ 39ಕ್ಕೆ ಏರಿದೆ, ಮೈ ಇನ್ನೂ 37ರಲ್ಲಿದೆ ಎಂದಿಟ್ಟುಕೊಳ್ಳಿ. ಆಗ ಹೈಪೋಥಲಾಮಸ್‌ನ ಪಾಲಿಗೆ ಮೈ ತಣ್ಣಗಿದೆ ಎಂದೇ ಲೆಕ್ಕ. ರೋಗಿ ಸೆಕೆಗಾಲದಲ್ಲಿಯೂ ಹೊದ್ದುಕೊಂಡು ಗಡಗಡ ನಡುಗುತ್ತಾನೆ. ಪ್ಯಾರಾಸಿಟಮಾಲ್ ಪ್ರೊಸ್ಟಾಗ್ಲಾಂಡಿನ್ ಉತ್ಪತ್ತಿಯನ್ನು ತಗ್ಗಿಸಿ ಗುರಿಯನ್ನು ಕೆಳಗಿಳಿಸಿದೊಡನೆ ಅದೇ ಮೈ ಬಿಸಿ ಎನಿಸಿ, ಬೆವರು ಕಿತ್ತು ಬರುತ್ತದೆ. ಹಾಗಾಗಿ ಜ್ವರದಲ್ಲಿ ವ್ಯವಸ್ಥೆ ಕೆಟ್ಟಿರುವುದಿಲ್ಲ. ಹೊಸ ಗುರಿಯನ್ನು ಮುಟ್ಟಲು ಅದು ಚುರುಕಾಗಿಯೇ ದುಡಿಯುತ್ತಿರುತ್ತದೆ. ಬಿಸಿಲಾಘಾತದ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಗುರಿ ಬದಲಾಗಿರುವುದಿಲ್ಲ, ಶಾಖವನ್ನು ಹೊರಹಾಕುವ ಸಾಮರ್ಥ್ಯವೇ ಕುಸಿದಿರುತ್ತದೆ. ಮೈಬಿಸಿ 40 ಡಿಗ್ರಿ ದಾಟಿ, ಪ್ರಜ್ಞೆ ಮಂಕಾಗುತ್ತದೆ. ಅಂತಹವರಿಗೆ ಜ್ವರದ ಮಾತ್ರೆಯಿಂದ ಪ್ರಯೋಜನವಿಲ್ಲ; ತಣ್ಣೀರಿನಿಂದಲೋ ಮಂಜುಗಡ್ಡೆಯಿಂದಲೋ ಮೈಯನ್ನು ತಕ್ಷಣ ತಂಪು ಮಾಡುತ್ತ, ಜೊತೆಜೊತೆಗೇ ತುರ್ತು ಚಿಕಿತ್ಸೆಗೆ ವ್ಯವಸ್ಥೆ ಮಾಡಬೇಕು. ಥರ್ಮಾಮೀಟರ್ ಎರಡರಲ್ಲೂ ಒಂದೇ ಅಂಕಿಯನ್ನು ತೋರಿಸಬಹುದು. ಈ ವ್ಯತ್ಯಾಸ ತಿಳಿಯದೆ ಜೀವಗಳು ಹೋಗುತ್ತವೆಯಾದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಸಕ್ಕರೆ. ಬರಿಹೊಟ್ಟೆಯಲ್ಲಿ ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ 70ರಿಂದ 100 ಮಿಲಿಗ್ರಾಂ ಇರುತ್ತದೆ. ಇದನ್ನು 5 ಲೀಟರ್ ರಕ್ತಕ್ಕೆ ಗುಣಿಸಿದರೆ ಸಿಗುವುದು ನಾಲ್ಕೈದು ಗ್ರಾಂ, ಅಂದರೆ ಒಂದು ಚಮಚೆಯಷ್ಟು. ಮಿದುಳೊಂದೇ ಗಂಟೆಗೆ ಸುಮಾರು 5 ಗ್ರಾಂ ಗ್ಲೂಕೋಸನ್ನು ಬಳಸುತ್ತದೆ. ಮರುಭರ್ತಿ ನಿಂತರೆ ಒಂದು ಗಂಟೆಯೊಳಗೆ ರಕ್ತದ ಸಕ್ಕರೆಯೆಲ್ಲ ಬರಿದಾಗಬೇಕು. ಮತ್ತೊಂದು ಬದಿಯಲ್ಲಿ, ಒಂದು ಊಟದಿಂದ 75 ಗ್ರಾಂ ಪಿಷ್ಟ ಒಳಬಂತೆಂದರೆ ರಕ್ತದಲ್ಲಿರುವುದರ ಹದಿನೈದು ಪಟ್ಟು ಗ್ಲೂಕೋಸ್ ಎರಡು ಮೂರು ಗಂಟೆಗಳಲ್ಲಿ ಕರುಳಿನಿಂದ ನುಗ್ಗಿ ಬರುತ್ತದೆ. ಹೀಗಿದ್ದೂ ಆರೋಗ್ಯವಂತರಲ್ಲಿ ಊಟವಾದ ಎರಡು ಗಂಟೆಗೆ ಸಕ್ಕರೆಯ ಮಟ್ಟ ಸಾಮಾನ್ಯವಾಗಿ 140ಕ್ಕಿಂತ ಕೆಳಗೇ ಇರುತ್ತದೆ.

ಇದರ ಕೀಲಿ ಮೇದೋಜ್ಜೀರಕ ಗ್ರಂಥಿಯಲ್ಲಿರುವ ಕೋಶಗಳ ಸಣ್ಣ ದ್ವೀಪಗಳಲ್ಲಿದೆ. ಅಲ್ಲಿನ ಬೀಟಾ ಕೋಶದೊಳಗೆ ಗ್ಲೂಕೋಸ್ ಹೊಕ್ಕು, ಶಕ್ತಿಯಾಗಿ ಪರಿವರ್ತನೆಗೊಂಡಾಗ, ಆ ಪರಿವರ್ತನೆಯೇ ಕೋಶದ ಪೊರೆಯಲ್ಲಿನ ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚಿ, ಕ್ಯಾಲ್ಸಿಯಂ ಒಳನುಗ್ಗುವಂತೆ ಮಾಡಿ, ಇನ್ಸುಲಿನ್ ಹೊರಬೀಳುವಂತೆ ಮಾಡುತ್ತದೆ. ಅಳೆಯುವುದೂ ಆಜ್ಞೆ ಹೊರಡಿಸುವುದೂ ಒಂದೇ ಕೋಶದ ಕೆಲಸ. ಮಿದುಳಿನ ಅನುಮತಿಗಾಗಿ ಅದು ಕಾಯುವುದಿಲ್ಲ. ಕಾಯುವವರು ಯಾರು ಎಂದು ನೀವು ಕೇಳಿದಿರಿ. ಒಬ್ಬ ಮೇಲ್ವಿಚಾರಕ ಎಲ್ಲಿಯೂ ಇಲ್ಲ, ಹೀಗೆ ತಾನೇ ಅಳೆದು ತಾನೇ ತೀರ್ಮಾನಿಸುವ ಕೋಶಗಳು ದೇಹದ ತುಂಬ ಚದುರಿಕೊಂಡಿವೆ. ಇನ್ಸುಲಿನ್ ಸ್ನಾಯು ಮತ್ತು ಕೊಬ್ಬಿನ ಕೋಶಗಳು ಗ್ಲೂಕೋಸ್ ಹೀರುವಂತೆಯೂ, ಯಕೃತ್ತು ಅದನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುವಂತೆಯೂ ಮಾಡುತ್ತದೆ. ಸಕ್ಕರೆ ಇಳಿದರೆ ಪಕ್ಕದ ಆಲ್ಫಾ ಕೋಶಗಳು ಗ್ಲುಕಗಾನ್ ಸ್ರವಿಸಿ, ಯಕೃತ್ತು ಕೂಡಿಟ್ಟದ್ದನ್ನು ಬಿಡುವಂತೆ ಮಾಡುತ್ತವೆ. ಸ್ನಾಯುಗಳಲ್ಲಿ ಇನ್ನೂ ದೊಡ್ಡ ದಾಸ್ತಾನಿದ್ದರೂ ಅದನ್ನು ಗ್ಲೂಕೋಸಾಗಿಸಿ ರಕ್ತಕ್ಕೆ ಬಿಡುವ ಕಿಣ್ವ ಅವುಗಳಲ್ಲಿಲ್ಲ. ಅದು ಸ್ನಾಯುವಿನ ಸ್ವಂತ ಬಳಕೆಗೆ ಮಾತ್ರ. ಯಕೃತ್ತಿನ ಸುಮಾರು 100 ಗ್ರಾಂ ಗ್ಲೈಕೋಜೆನ್ ಉಪವಾಸದ ಮೊದಲ ದಿನದಲ್ಲೇ ಬಹುಪಾಲು ಮುಗಿಯುತ್ತದೆ. ಆಮೇಲೆ ಅಮೈನೋ ಆಮ್ಲ, ಗ್ಲಿಸರಾಲ್ ಮತ್ತು ಲ್ಯಾಕ್ಟೇಟ್‌ಗಳಿಂದ ಹೊಸದಾಗಿ ಗ್ಲೂಕೋಸ್ ತಯಾರಿಸುವುದೇ ಅದರ ಮುಖ್ಯ ದಾರಿ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಒಂದೇ ಪ್ರಮಾಣದ ಗ್ಲೂಕೋಸನ್ನು ಬಾಯಿಯ ಮೂಲಕ ಕೊಟ್ಟರೆ, ರಕ್ತನಾಳಕ್ಕೆ ನೇರವಾಗಿ ಕೊಟ್ಟಾಗಿನದಕ್ಕಿಂತ ಹೆಚ್ಚು ಇನ್ಸುಲಿನ್ ಬಿಡುಗಡೆಯಾಗುತ್ತದೆ. ಕಾರಣ, ಆಹಾರ ಮುಟ್ಟಿದೊಡನೆ ಕರುಳು ಜಿಎಲ್‌ಪಿ-1 ಮತ್ತು ಜಿಐಪಿ ಎಂಬ ಹಾರ್ಮೋನುಗಳ ಮೂಲಕ ಮುನ್ಸೂಚನೆ ಕಳುಹಿಸುತ್ತದೆ. ತಪ್ಪು ನಡೆದ ಮೇಲೆ ತಿದ್ದುವುದಷ್ಟೇ ಸಮಸ್ಥಿತಿ ಎಂದು ಪಠ್ಯಗಳು ಬಿಂಬಿಸುವುದು ಅರ್ಧ ಸತ್ಯ. ಬರಲಿರುವ ಏರುಪೇರನ್ನು ಮೊದಲೇ ಊಹಿಸಿ ಸಜ್ಜಾಗುವುದು ಅದರ ಇನ್ನರ್ಧ. ಬಾಯಾರಿದಾಗ ನೀರು ಕುಡಿದರೆ, ಆ ನೀರು ರಕ್ತವನ್ನು ಸೇರಿ ಅದನ್ನು ತೆಳುವಾಗಿಸುವ ಬಹಳ ಮೊದಲೇ ದಾಹ ಇಂಗುವುದೂ ಇಂತಹದೇ ಮುಂದಾಲೋಚನೆ. ಬಾಯಿ, ಗಂಟಲು, ಜಠರಗಳ ವರದಿಯನ್ನು ನಂಬಿ ಮಿದುಳು ಮುಂಗಡವಾಗಿ ತೀರ್ಪು ಕೊಡುತ್ತದೆ. ರಕ್ತ ತೆಳುವಾಗುವವರೆಗೂ ಕಾಯುವಂತಿದ್ದರೆ ನಾವು ಪ್ರತಿಸಲವೂ ಅಗತ್ಯಕ್ಕಿಂತ ಹೆಚ್ಚು ಕುಡಿಯುತ್ತಿದ್ದೆವು.

ನೀರಿನ ವಿಷಯದಲ್ಲಿ ದೇಹದ ಸೂಕ್ಷ್ಮತೆ ಬೆರಗು ಹುಟ್ಟಿಸುವಂತಹದು. ಪ್ಲಾಸ್ಮಾದ ಸಾಂದ್ರತೆ ಶೇಕಡ 1ರಿಂದ 2ರಷ್ಟು ಹೆಚ್ಚಾದರೆ ಸಾಕು, ಹೈಪೋಥಲಾಮಸ್‌ನ ಸಂವೇದಕ ಕೋಶಗಳು ಅದನ್ನು ಗುರುತಿಸಿ, ಪಿಟ್ಯುಟರಿ ಗ್ರಂಥಿಯ ಮೂಲಕ ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡಿಸುತ್ತವೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಅಂದರೆ ನಮ್ಮಲ್ಲಿರುವ 3 ಲೀಟರ್ ಪ್ಲಾಸ್ಮಾ ದಿನಕ್ಕೆ ಅರವತ್ತು ಸಲ ಸೋಸಲ್ಪಟ್ಟಂತೆ. ಅದರಲ್ಲಿ ಒಂದೆರಡು ಲೀಟರ್ ಬಿಟ್ಟು ಉಳಿದದ್ದೆಲ್ಲ ಮರಳಿ ರಕ್ತಕ್ಕೆ ಹೋಗುತ್ತದೆ. ಕೊನೆಯ ಹಂತದಲ್ಲಿ ಎಷ್ಟು ನೀರನ್ನು ಉಳಿಸಿಕೊಳ್ಳಬೇಕೆಂಬುದನ್ನು ವಾಸೊಪ್ರೆಸಿನ್ ನಿರ್ಧರಿಸುತ್ತದೆ. ಅದು ಹೆಚ್ಚಿದ್ದರೆ ಮೂತ್ರ ಕಡುಹಳದಿ, ಇಲ್ಲದಿದ್ದರೆ ನೀರಿನಷ್ಟು ತಿಳಿ.

ಆದರೆ ಕಾಯಬೇಕಾದ ಎರಡು ಸಂಗತಿಗಳು ಪರಸ್ಪರ ವಿರುದ್ಧವಾಗಿ ಎಳೆದಾಗ ಏನಾಗುತ್ತದೆ? ತೀವ್ರ ವಾಂತಿಭೇದಿಯಿಂದ ಉಪ್ಪೂ ನೀರೂ ಕಳೆದುಕೊಂಡ ವ್ಯಕ್ತಿ ಬರಿಯ ನೀರನ್ನೇ ಕುಡಿಯುತ್ತಿದ್ದಾನೆ ಎಂದುಕೊಳ್ಳಿ. ಅವನ ರಕ್ತ ತೆಳುವಾಗುತ್ತಿರುತ್ತದೆ. ಸಾಂದ್ರತೆಯ ಲೆಕ್ಕದಲ್ಲಿ ವಾಸೊಪ್ರೆಸಿನ್ ನಿಲ್ಲಬೇಕು. ಆದರೆ ರಕ್ತದ ಒಟ್ಟು ಗಾತ್ರ ಕುಗ್ಗಿರುವುದರಿಂದ ಹೃದಯ ಮತ್ತು ಅಪಧಮನಿಗಳ ಒತ್ತಡ ಸಂವೇದಕಗಳು ಅದನ್ನು ಇನ್ನಷ್ಟು ಬೇಡುತ್ತವೆ. ಕೊರತೆ ತೀವ್ರವಾದಾಗ ಗೆಲ್ಲುವುದು ಗಾತ್ರವೇ. ಸೋಡಿಯಂ ಇಳಿಯುವುದನ್ನು ಸಹಿಸಿಕೊಂಡಾದರೂ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ಥಿರಾಂಶಗಳಲ್ಲಿಯೂ ಮೇಲುಕೀಳುಗಳಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತೋಚುವುದಿಲ್ಲ. ಭೇದಿಯಾದವರಿಗೆ ನೀರಿನಲ್ಲಿ ಕರಗಿಸಿ ಕುಡಿಸುವ ಜೀವಜಲದ (ಓಆರ್‌ಎಸ್) ಪೊಟ್ಟಣದಲ್ಲಿ ಉಪ್ಪಿನೊಂದಿಗೆ ಗ್ಲೂಕೋಸ್ ಇರುವುದೂ ಸುಮ್ಮನೆ ಅಲ್ಲ: ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿಯೇ ಒಳಗೊಯ್ಯುವ ವಾಹಕವೊಂದಿದೆ, ನೀರು ಅವುಗಳ ಬೆನ್ನುಹತ್ತಿ ಹೋಗುತ್ತದೆ, ಭೇದಿಯ ನಡುವೆಯೂ ಆ ವಾಹಕ ಕೆಲಸ ಮಾಡುತ್ತಿರುತ್ತದೆ.

ಆಮ್ಲೀಯತೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಆಮ್ಲೀಯತೆಯ ಅಳತೆಯಾದ ಪಿಎಚ್ ಅಪಧಮನಿಯ ರಕ್ತದಲ್ಲಿ 7.35ರಿಂದ 7.45ರೊಳಗೆ ಇರಬೇಕು. ಆಮ್ಲೀಯತೆಗೆ ಕಾರಣವಾದ ಹೈಡ್ರೋಜನ್ ಅಯಾನುಗಳು ಅಲ್ಲಿ ಸೋಡಿಯಂ ಅಯಾನುಗಳ ಸುಮಾರು ಮೂವತ್ತೈದು ಲಕ್ಷದಲ್ಲಿ ಒಂದು ಪಾಲು ಮಾತ್ರ. ಇಷ್ಟು ವಿರಳವಾದದ್ದನ್ನೂ ದೇಹ ಬಿಡದೆ ಎಣಿಸುತ್ತದೆ. ಬೈಕಾರ್ಬೊನೇಟ್‌ನಂತಹ ಬಫರ್‌ಗಳು, ಅಂದರೆ ಆಮ್ಲದ ಏರಿಳಿತವನ್ನು ತಡೆಯುವ ವಸ್ತುಗಳು, ತತ್‌ಕ್ಷಣವೂ, ಶ್ವಾಸಕೋಶಗಳು ಇಂಗಾಲದ ಡೈಆಕ್ಸೈಡ್ ಹೊರಹಾಕಿ ನಿಮಿಷಗಳಲ್ಲಿಯೂ, ಮೂತ್ರಪಿಂಡಗಳು ಆಮ್ಲವನ್ನು ಹೊರಹಾಕಿ ದಿನಗಳಲ್ಲಿಯೂ ಇದನ್ನು ಸರಿಪಡಿಸುತ್ತವೆ. ಉಸಿರು ಬಿಗಿಹಿಡಿದಾಗ ಆಗುವ ಚಡಪಡಿಕೆ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಏರಿದ್ದರಿಂದ; ಆಮ್ಲಜನಕ ಗಣನೀಯವಾಗಿ ಕುಸಿಯುವವರೆಗೆ ಅದರ ಎಚ್ಚರಿಕೆ ದುರ್ಬಲವೇ. ಮುಳುಗುವ ಮೊದಲು ಬೇಕೆಂದೇ ಜೋರಾಗಿ ಉಸಿರಾಡಿ ಡೈಆಕ್ಸೈಡನ್ನು ಖಾಲಿ ಮಾಡಿಕೊಂಡ ಈಜುಗಾರರು ಯಾವ ಚಡಪಡಿಕೆಯೂ ಇಲ್ಲದೆ ನೀರಿನೊಳಗೆ ಪ್ರಜ್ಞೆ ತಪ್ಪುವುದು ಇದರಿಂದಾಗಿಯೇ.

ಪೊಟ್ಯಾಸಿಯಂನ ಲೆಕ್ಕವನ್ನು ಮಾತ್ರ ಬಿಡಲಾರೆ, ಏಕೆಂದರೆ ಅದರಷ್ಟು ಅಂಚಿನಲ್ಲಿ ನಡೆಯುವ ವ್ಯವಹಾರ ಇನ್ನೊಂದಿಲ್ಲ. ದೇಹದ ಪೊಟ್ಯಾಸಿಯಂನಲ್ಲಿ ಶೇಕಡ 98ರಷ್ಟು ಕೋಶಗಳ ಒಳಗಿದೆ; ಹೊರಗಿನ 14 ಲೀಟರ್‌ನಲ್ಲಿ ಇರುವುದು ಬರಿಯ 60 ಮಿಲಿಮೋಲ್‌ನಷ್ಟು (ಮಿಲಿಮೋಲ್ ಎಂಬುದು ಕಣಗಳ ಸಂಖ್ಯೆಯ ಲೆಕ್ಕದಲ್ಲಿ ವಸ್ತುವನ್ನು ಅಳೆಯುವ ಮಾನ). ಹಣ್ಣು ತರಕಾರಿ ಹೆಚ್ಚಿರುವ ಒಂದು ಊಟದಲ್ಲಿ 40-50 ಮಿಲಿಮೋಲ್ ಇರಬಹುದು. ಅಷ್ಟೂ ಹೊರದ್ರವದಲ್ಲಿಯೇ ಉಳಿದರೆ ಲೀಟರಿಗೆ 4ರ ಆಸುಪಾಸಿನಲ್ಲಿರುವ ಮಟ್ಟ 7ನ್ನು ಮುಟ್ಟಿ, ಹೃದಯದ ಲಯವೇ ತಪ್ಪುವ ಸಂಭವವಿದೆ. ಹಾಗಾಗುವುದಿಲ್ಲ, ಅದೇ ಊಟಕ್ಕೆ ಹೊರಬಿದ್ದ ಇನ್ಸುಲಿನ್ ಪೊಟ್ಯಾಸಿಯಂ ಅನ್ನೂ ಕೋಶಗಳೊಳಗೆ ತಳ್ಳುತ್ತದೆ, ಮುಂದಿನ ಕೆಲವು ಗಂಟೆಗಳಲ್ಲಿ ಮೂತ್ರಪಿಂಡಗಳು ಹೆಚ್ಚುವರಿಯನ್ನು ಹೊರಹಾಕುತ್ತವೆ. ಮೂತ್ರಪಿಂಡ ಸೋತವರಿಗೆ ಕೆಲವು ಹಣ್ಣುಗಳನ್ನು ವೈದ್ಯರು ಬೇಡವೆನ್ನುವುದು ಇದಕ್ಕಾಗಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಅಂಕಿ ಸರಿಯಿದೆ ಎಂದರೆ ಅದನ್ನು ಕಾಯುವ ವ್ಯವಸ್ಥೆ ಇನ್ನೂ ಸೋತಿಲ್ಲ ಎಂದಷ್ಟೇ ಅರ್ಥ. ಅದು ಎಷ್ಟು ಶ್ರಮಪಡುತ್ತಿದೆ ಎಂಬುದನ್ನು ಆ ಅಂಕಿ ಹೇಳಲಾರದು. ಅಪಘಾತದಲ್ಲಿ ರಕ್ತಸ್ರಾವವಾದ ಆರೋಗ್ಯವಂತ ಯುವಕನನ್ನು ತೆಗೆದುಕೊಳ್ಳಿ. ಕತ್ತಿನ ಅಪಧಮನಿಯಲ್ಲಿರುವ ಒತ್ತಡ ಸಂವೇದಕಗಳು ಕ್ಷಣಾರ್ಧದಲ್ಲಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಹೃದಯ ವೇಗವಾಗಿ ಬಡಿಯುತ್ತದೆ, ಚರ್ಮ ಮತ್ತು ಕರುಳಿನ ನಾಳಗಳು ಮುದುಡುತ್ತವೆ. ಇದರಿಂದಾಗಿ ಒಟ್ಟು ರಕ್ತದ ಶೇಕಡ 30ರ ಹತ್ತಿರದಷ್ಟು, ಅಂದರೆ ಒಂದೂವರೆ ಲೀಟರ್, ಹೋಗುವವರೆಗೂ ಮೇಲಿನ ರಕ್ತದೊತ್ತಡ ಸಹಜವೆಂಬಂತೆಯೇ ಕಾಣಬಹುದು. ಆಮೇಲೆ ಅದು ದಿಢೀರನೆ ಕುಸಿಯುತ್ತದೆ. ಅನುಭವಿ ವೈದ್ಯರು ಒತ್ತಡದ ಅಂಕಿಗಿಂತ ಮೊದಲು ನಾಡಿಯನ್ನು, ಉಸಿರಿನ ವೇಗವನ್ನು, ತಣ್ಣಗಾದ ಬೆವರುಗೈಯನ್ನು ಗಮನಿಸುತ್ತಾರೆ. ವ್ಯವಸ್ಥೆಯ ದುಡಿಮೆ ಕಾಣುವುದು ಅಲ್ಲಿ.

ನಿಧಾನಗತಿಯ ಕಾಯಿಲೆಗಳಲ್ಲಿಯೂ ಇದೇ ನಡೆಯುತ್ತದೆ. ಎರಡನೆಯ ಬಗೆಯ ಮಧುಮೇಹದತ್ತ ಸಾಗುತ್ತಿರುವ ಅನೇಕರಲ್ಲಿ ಸ್ನಾಯು ಮತ್ತು ಯಕೃತ್ತು ಇನ್ಸುಲಿನ್‌ಗೆ ಮಣಿಯುವುದು ಕಡಿಮೆಯಾಗಿದ್ದರೂ, ಬೀಟಾ ಕೋಶಗಳು ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಬರಿಹೊಟ್ಟೆಯ ಸಕ್ಕರೆಯನ್ನು ವರ್ಷಗಟ್ಟಲೆ ಸಹಜ ಮಟ್ಟದಲ್ಲಿ ಉಳಿಸುತ್ತವೆ. ಏರುರಕ್ತದೊತ್ತಡ ಬಹುಕಾಲ ಉಳಿದರೆ ಒತ್ತಡ ಸಂವೇದಕಗಳು ಆ ಮಟ್ಟಕ್ಕೇ ಒಗ್ಗಿಕೊಂಡು, ಅದನ್ನು ಇಳಿಸುವ ಬದಲು ಕಾಪಾಡತೊಡಗುತ್ತವೆ. ಮೂತ್ರಪಿಂಡದ ಕಾರ್ಯಸೂಚಕವಾದ ಕ್ರಿಯಾಟಿನಿನ್ ಕೂಡ, ಸೋಸುವ ಶಕ್ತಿ ಅರ್ಧದಷ್ಟು ಕುಗ್ಗುವವರೆಗೆ ಕೆಲವರಲ್ಲಿ ಸಹಜ ಮಿತಿಯೊಳಗೇ ಇದ್ದುಬಿಡುತ್ತದೆ. ಆದ್ದರಿಂದ ವರದಿಯನ್ನು ಓದುವಾಗ ಒಂದು ದಿನದ ಅಂಕಿಯನ್ನು ಮುದ್ರಿತ ಮಿತಿಯೊಂದಿಗೆ ಹೋಲಿಸುವುದರ ಜೊತೆಗೆ, ನಿಮ್ಮದೇ ಹಳೆಯ ವರದಿಗಳೊಂದಿಗೆ ಹೋಲಿಸಿ. ಮಿತಿಯೊಳಗೇ ಇದ್ದರೂ ವರ್ಷದಿಂದ ವರ್ಷಕ್ಕೆ ಒಂದೇ ದಿಕ್ಕಿಗೆ ಸರಿಯುತ್ತಿರುವ ಅಂಕಿ ಕಂಡರೆ ವೈದ್ಯರಿಗೆ ತೋರಿಸಿ. ವ್ಯವಸ್ಥೆಯನ್ನು ಪರೀಕ್ಷೆಗೊಡ್ಡಿ ಅಳೆಯುವ ವಿಧಾನಗಳೂ ಇವೆ: 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ಸಕ್ಕರೆ ನೋಡುವುದು, ಮಲಗಿದ್ದವರನ್ನು ಎಬ್ಬಿಸಿ ನಿಲ್ಲಿಸಿ ರಕ್ತದೊತ್ತಡ ನೋಡುವುದು, ನಡೆಸಿ ಓಡಿಸಿ ಹೃದಯದ ಇಸಿಜಿ ನೋಡುವುದು. ವಿಶ್ರಾಂತಿಯ ಅಂಕಿ ಮುಚ್ಚಿಟ್ಟ ಎಷ್ಟೋ ಕೊರತೆಗಳು ಈ ಪರೀಕ್ಷೆಗಳಲ್ಲಿ ಹೊರಬೀಳುತ್ತವೆ. ನಿಮಗೆ ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದು ನಿಮ್ಮ ವಯಸ್ಸು, ಕುಟುಂಬದ ಕಾಯಿಲೆಗಳ ಹಿನ್ನೆಲೆ ಮತ್ತು ಲಕ್ಷಣಗಳನ್ನು ನೋಡಿ ನಿಮ್ಮ ವೈದ್ಯರು ತೀರ್ಮಾನಿಸಬೇಕಾದ ವಿಷಯ.